ಚಾಲೂ ತಾರಿಗೆ ಕೈ ಹಚ್ಚಿದ ದಿನ

ನಾನು ನಿಂತಿದ್ದು ಗೋರೆಗಾಂವ್ ಪೂರ್ವದಲ್ಲಿರುವ ಅಕ್ಕನ ಮನೆಯ ಅಡುಗೆಮನೆಯ ಹೊಸ್ತಿಲ ಮೇಲೆ. ಎಡಗಾಲು ಅಡುಗೆಮನೆಯಲ್ಲಿತ್ತು, ಬಲಗಾಲು ಹಾಲ್‌ನಲ್ಲಿತ್ತು. ಮಾರ್ಚ್ ತಿಂಗಳ ಒಂದು ಭಾನುವಾರ, ಮಧ್ಯಾಹ್ನ ಹನ್ನೆರಡಾಗಲು ಇನ್ನು ಸ್ವಲ್ಪವೇ ಉಳಿದಿತ್ತು. ಆ ಜಾಗವನ್ನು ನಾನಾಗಿ ಆರಿಸಿಕೊಂಡದ್ದಲ್ಲ. ಅಕ್ಕನ ಗಂಡ ನನ್ನ ಭುಜ ಹಿಡಿದು ಅಲ್ಲಿ ನಿಲ್ಲಿಸಿ, "ಇಲ್ಲಿಂದ ಅಳ್ಳಾಡಬ್ಯಾಡ. ಎರಡೂ ಕೈ ನನಗ ಕಾಣಬೇಕು" ಎಂದು ಅಪ್ಪಣೆ ಮಾಡಿದ್ದರು. ಅಲ್ಲಿ ನಡೆದಿದ್ದದ್ದು ದರೋಡೆಯೇನಲ್ಲ. ಒಂದು ಕಂಪ್ಯೂಟರಿಗೆ ಅದರ ಮಾನಿಟರನ್ನು ತೋರಿಸಿಕೊಡುವ ಕೆಲಸ.

ಅಕ್ಕನ ಗಂಡನಿಗೆ ನಮ್ಮ ವಿಜಯಪುರದ ಕಡೆ ಮಾಮಾ ಅನ್ನುತ್ತಾರೆ. ನಾನೂ ಹಾಗೆಯೇ ಅನ್ನುತ್ತೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಬರೆದರೆ ಮುಂದಿನ ದೀಪಾವಳಿಗೆ ಆ ಮನೆಯಲ್ಲಿ ನನ್ನ ತಟ್ಟೆಗೆ ಕರ್ಚಿಕಾಯಿ ಬೀಳುವುದಿಲ್ಲ. ಮಾಮಾ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಇಡೀ ಮುಂಬಯಿಯಲ್ಲಿ ಬಲ್ಬು ಬದಲಾಯಿಸಲು ನಾಲ್ಕು ಜನ ಬೇಕಾಗುವ ಮನೆ ಯಾವುದಾದರೂ ಇದ್ದರೆ ಅದು ಅವರದು. ಒಬ್ಬರು ಮೇನ್ ಸ್ವಿಚ್ಚಿನ ಬಳಿ ನಿಲ್ಲಬೇಕು. ಒಬ್ಬರು ಸ್ಟೂಲು ಹಿಡಿಯಬೇಕು. ಒಬ್ಬರು ಏನೂ ಮಾಡದೆ ದೂರದಲ್ಲಿ ನಿಂತು ಎಲ್ಲರನ್ನೂ ನೋಡುತ್ತಿರಬೇಕು. ನಾಲ್ಕನೆಯವರು ಮಾಮಾ. ಬಲ್ಬು ಹಾಕುವುದು ಅವರೇ. ಹಾಗಾದರೆ ಏನೂ ಮಾಡದವನ ಕೆಲಸವೇನು ಎಂದು ಕೇಳುತ್ತೀರಾ? ನಾನೂ ಕೇಳಿದ್ದೆ. "ಅದs ದೊಡ್ಡ ಕೆಲಸ. ಮಾಡಿ ನೋಡು" ಅಂದರು. ಅಂದಿನಿಂದ ಆ ಕೆಲಸ ನನ್ನದು.

ಮಾಮಾ ಜೀವನಪೂರ್ತಿ ಲಿಫ್ಟ್ ರಿಪೇರಿ ಮಾಡಿದವರು. ಬಾಂದ್ರಾದಿಂದ ಬೊರಿವಲಿಯವರೆಗೆ ಯಾವ ಬಿಲ್ಡಿಂಗಿನ ಲಿಫ್ಟು ಯಾವ ಮಹಡಿಯಲ್ಲಿ ಕೆಮ್ಮುತ್ತದೆ ಎಂಬುದು ಅವರಿಗೆ ಗೊತ್ತು. ಲಿಫ್ಟಿನ ಗುಂಡಿಯೊಳಗೆ ಇಳಿಯುವವರಿಗೆ ಕೆಲವು ಪದ್ಧತಿಗಳಿವೆ. ಮೊದಲು ಮೇನ್ ತೆಗೆಯಬೇಕು, ಅಂದರೆ ಕರೆಂಟು ಬಂದ್ ಮಾಡಬೇಕು. ಅದಕ್ಕೆ ಬೀಗ ಹಾಕಿ ಕೀಲಿಯನ್ನು ತನ್ನ ಜೇಬಿನಲ್ಲೇ ಇಟ್ಟುಕೊಳ್ಳಬೇಕು. "ಕೆಲಸ ನಡೆದಿದೆ, ಮುಟ್ಟಬೇಡಿ" ಎಂಬ ಹಲಗೆ ನೇತುಹಾಕಬೇಕು. ಶುರು ಮಾಡುವ ಮುಂಚೆ "ಕೈ ಮ್ಯಾಲ" ಎಂದು ಕೂಗಬೇಕು. ಸುತ್ತಲಿನವರೆಲ್ಲ ಎರಡೂ ಕೈ ಎತ್ತಿ ತೋರಿಸಬೇಕು. ನಿವೃತ್ತಿಯಾದ ಮೇಲೆ ಲಿಫ್ಟುಗಳು ಕೈಬಿಟ್ಟವು, ಪದ್ಧತಿ ಕೈಬಿಡಲಿಲ್ಲ. ಮಿಕ್ಸರ್ ರಿಪೇರಿಯಾದರೂ ಹಲಗೆ ಬೀಳುತ್ತಿತ್ತು. ಒಮ್ಮೆ ಅಕ್ಕನಿಗೆ ಮಲೇರಿಯಾ ಬಂದು ಮಲಗಿದಾಗ ಆ ಹಲಗೆಯನ್ನು ಅವಳ ಮಂಚಕ್ಕೇ ನೇತುಹಾಕಿದರು. ಅವಳು ಏಳುವ ತನಕ ಯಾರೂ ಅವಳನ್ನು ಒಂದು ಲೋಟ ನೀರಿಗೂ ಕರೆಯಲಿಲ್ಲ. "ಆ ಹಲಗಿ ಖರೇ ಕೆಲಸ ಮಾಡಿದ್ದು ಅದೊಂದs ಸಲ" ಎಂದು ಅಕ್ಕ ಈಗಲೂ ನೆನೆಯುತ್ತಾಳೆ.

ನನ್ನ ಮದುವೆ ಅಂಧೇರಿಯ ಒಂದು ಹಾಲ್‌ನಲ್ಲಿ ನಡೆಯಿತು. ತಾಳಿ ಕಟ್ಟುವ ಹೊತ್ತಿಗೆ ಮೈಕ್ ಗುಂಯ್ ಅನ್ನತೊಡಗಿತು. ಯಾರೋ ಪುಣ್ಯಾತ್ಮರು ಮಾಮಾ ಕಡೆ ನೋಡಿದರು. ನೋಡಿದ್ದೇ ತಪ್ಪಾಯಿತು. ಮಾಮಾ ಹೋಗಿ ಇಡೀ ಹಾಲಿನ ಮೇನ್ ತೆಗೆದು, ಕೀಲಿ ಜೇಬಿಗೆ ಹಾಕಿಕೊಂಡು, "ಕೈ ಮ್ಯಾಲ" ಎಂದು ಕೂಗಿದರು. ಬಂದವರೆಲ್ಲ ಅಕ್ಷತೆ ಹಿಡಿದ ಕೈಗಳನ್ನು ಎತ್ತಿ ಕತ್ತಲಲ್ಲಿ ನಿಂತರು. ಕ್ಯಾಮೆರಾದ ಫ್ಲ್ಯಾಶ್‌ನಲ್ಲಿ ಸಿಕ್ಕಿದ ಒಂದೇ ಒಂದು ಫೋಟೋದಲ್ಲಿ ನಾನೂ ಕೈ ಎತ್ತಿದ್ದೇನೆ, ತಾಳಿಯ ಸಮೇತ. "ಶರಣಾಗತಿ ಅವತ್ತs ಆಗೈತಿ ಬಿಡ್ರಿ" ಎಂದು ನನ್ನ ಹೆಂಡತಿ ಅನ್ನುತ್ತಾಳೆ.

ನಗುವ ಮಾತು ಇಷ್ಟು. ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಮಾಮಾ ಜೊತೆಗೆ ಕೆಲಸ ಮಾಡುತ್ತಿದ್ದ ಪಾಂಡುರಂಗ ಎಂಬವರು ಒಂದು ಬಿಲ್ಡಿಂಗಿನಲ್ಲಿ ಗುಂಡಿಗೆ ಇಳಿದಿದ್ದಾಗ, ಕತ್ತಲೆಯಿದೆಯಲ್ಲ ಎಂದು ಮೇಲೆ ಯಾರೋ ಮೇನ್ ಹಾಕಿದರು. ತಾರು ಪಾಂಡುರಂಗರ ಕೈಯಲ್ಲಿತ್ತು, ಅವರು ಮತ್ತೆ ಮೇಲೆ ಬರಲಿಲ್ಲ. ಮಾಮಾ ಒಂದು ಮಹಡಿ ಮೇಲಿದ್ದರು. ಇದನ್ನು ಅವರು ನನಗೆ ಹೇಳಿದ್ದು ಒಂದೇ ಸಲ, ಲೋಕಲ್‌ನಲ್ಲಿ ನಿಂತುಕೊಂಡು, ಕಿಟಕಿಯ ಹೊರಗೆ ನೋಡುತ್ತ. "ಸ್ವಿಚ್ ಹಾಕಿದಾಂವ ಕೆಟ್ಟಾಂವ ಅಲ್ಲ. ಪಾಪ, ಬೆಳಕು ಮಾಡೂಣು ಅಂದಾನ" ಅಂದರು. ಮುಂದಿನ ಸ್ಟೇಷನ್ ಬಂತು, ಇಬ್ಬರೂ ಇಳಿದೆವು.

ಈಗ ಕಂಪ್ಯೂಟರಿಗೆ ಬರೋಣ.

ಅಕ್ಕ ಮನೆಯ ಹತ್ತಿರದ ಒಂದು ಬಾಲವಾಡಿಯಲ್ಲಿ ಪಾಠ ಹೇಳುತ್ತಾಳೆ. ಮೂಗು ಒರೆಸುವುದು, ಹಾಡು ಹೇಳಿಸುವುದು, ಅಳುವ ಮಗುವಿಗೆ ಅದರದೇ ಭಾಷೆಯಲ್ಲಿ ಸಮಾಧಾನ ಮಾಡುವುದು ಅವಳ ಕೆಲಸ. ಮುಂಬಯಿಯಲ್ಲಿ ಈ ಕೊನೆಯ ಕೆಲಸ ಸಣ್ಣದಲ್ಲ. ಬಾಲವಾಡಿಯ ಮಾಲೀಕರು ಬದಲಾದರು. ಡಿಪ್ಲೊಮಾ ಇಲ್ಲದವರನ್ನು ಜೂನ್‌ನಿಂದ ಇಟ್ಟುಕೊಳ್ಳುವುದಿಲ್ಲ ಎಂದರು. ಅಕ್ಕ ಐವತ್ತರ ಹತ್ತಿರ ಬಂದವಳು, ಪುಸ್ತಕ ಹಿಡಿದು ದೂರಶಿಕ್ಷಣಕ್ಕೆ ಸೇರಿದಳು. ಎಲ್ಲ ಪೇಪರುಗಳೂ ಮುಗಿದು ಒಂದು ಉಳಿದಿತ್ತು. ಅದನ್ನು ಮನೆಯಿಂದಲೇ ಕಂಪ್ಯೂಟರಿನಲ್ಲಿ ಬರೆಯಬೇಕು. ಕ್ಯಾಮೆರಾದ ಆ ಕಡೆ ಒಬ್ಬರು ಕೂತು ಕಾಯುತ್ತಾರೆ. ಹಿಂದಿನ ಸಲ ಮಲೇರಿಯಾದಿಂದ ತಪ್ಪಿತ್ತು. ಇದು ತಪ್ಪಿದರೆ ಇನ್ನೊಂದು ಅವಕಾಶವಿಲ್ಲ, ಜೂನ್‌ನಲ್ಲಿ ಕೆಲಸವೂ ಇಲ್ಲ. ಮೊಬೈಲ್ ನಡೆಯುವುದಿಲ್ಲ. ಸೈಬರ್ ಕೆಫೆ ನಡೆಯುವುದಿಲ್ಲ, ಕೋಣೆಯಲ್ಲಿ ಒಬ್ಬರೇ ಇರಬೇಕಂತೆ. ನನ್ನ ಲ್ಯಾಪ್‌ಟಾಪ್ ಆಫೀಸಿನದು, ಪರೀಕ್ಷೆಯ ಸಾಫ್ಟ್‌ವೇರನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ.

ಹಾಗಾಗಿ ಆ ಚಿಕ್ಕ ಕಂಪ್ಯೂಟರ್ ಬಂತು. ಅರ್ಧ ಕಿಲೋ ಪೇಡೆಯ ಡಬ್ಬಿಯಷ್ಟು ದೊಡ್ಡದು, ಅಷ್ಟೇ. ಮಾಮಾ ಅದನ್ನು ಅಂಗೈ ಮೇಲಿಟ್ಟು ತಿರುಗಿಸಿ ತಿರುಗಿಸಿ ನೋಡಿ, "ಇದರ ಮೇನ್ ಎಲ್ಲೈತಿ?" ಎಂದು ಕೇಳಿದರು. ಇಲ್ಲ ಎಂದೆ. ಮೇನ್ ಇಲ್ಲದ ವಸ್ತುವನ್ನು ಮನೆಯಲ್ಲಿಟ್ಟುಕೊಂಡು ಆ ರಾತ್ರಿ ಅವರಿಗೆ ನಿದ್ದೆ ಬರಲಿಲ್ಲವೆಂದು ಅಕ್ಕ ಹೇಳಿದಳು. ಮಾನಿಟರ್ ಮಾತ್ರ ಹಳೆಯದು, ಅಂಧೇರಿಯ ಅಂಗಡಿಯೊಂದರಲ್ಲಿ ತೆಗೆದುಕೊಂಡದ್ದು.

ಮೊದಲ ದಿನ ಪರದೆ ಬಂತು. ಎರಡನೆಯ ದಿನ ಬರಲಿಲ್ಲ. ಕಪ್ಪು ಪರದೆಯ ಮೇಲೆ "ನೋ ಸಿಗ್ನಲ್" ಎಂಬ ಪೆಟ್ಟಿಗೆಯೊಂದು ಈ ಮೂಲೆಯಿಂದ ಆ ಮೂಲೆಗೆ ತೇಲುತ್ತಿತ್ತು. ಮಾಮಾಗೆ ಒಂದು ನಿಯಮವಿದೆ: ಒಂದು ಸಲಕ್ಕೆ ಒಂದೇ ಬದಲಾವಣೆ. ತಾರು ಬದಲಿಸಿದರು, ಮೇನ್ ತೆಗೆದು, ಹಲಗೆ ಹಾಕಿ, ಕೈ ಎತ್ತಿಸಿ. ಬರಲಿಲ್ಲ. ಇನ್ನೊಂದು ತಾರು, ಮತ್ತೆ ಮೇನ್, ಹಲಗೆ, ಕೈ. ಬರಲಿಲ್ಲ. ಮಾನಿಟರನ್ನು ನಮ್ಮ ಮನೆಗೆ ತಂದು ನನ್ನ ಲ್ಯಾಪ್‌ಟಾಪಿಗೆ ಜೋಡಿಸಿ ನೋಡಿದರು. ರಿಕ್ಷಾದಲ್ಲಿ ಅದನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು. ಅಲ್ಲೂ ಬರಲಿಲ್ಲ. ಕಡೆಗೆ, ವಾಪಸು ಒಯ್ದ ಮೇಲೆ, ಅಕ್ಕ "ಇಲ್ಲೇನೋ ಪಟ್ಟಿ ಹಚ್ಚೇದಲ್ರಿ?" ಎಂದಳು. ಯಾರೂ ಒತ್ತಬಾರದೆಂದು ಮಾಮಾ ಮಾನಿಟರಿನ ಗುಂಡಿಗಳ ಮೇಲೆಲ್ಲ ಕಪ್ಪು ಟೇಪು ಸುತ್ತಿದ್ದರು. ಸುತ್ತುವಾಗ ಅವರ ಹೆಬ್ಬೆರಳೇ ಒಂದು ಗುಂಡಿಯನ್ನು ಒತ್ತಿ, ಮಾನಿಟರ್ ತಾರು ಹಾಕಿದ ತೂತು ಬಿಟ್ಟು ಬೇರೆ ತೂತಿನ ಕಡೆ ಕಿವಿಗೊಟ್ಟು ಕೂತಿತ್ತು. ಅಕ್ಕ ಟೇಪು ಕಿತ್ತು ಗುಂಡಿ ಒತ್ತಿದಳು, ಪರದೆ ಬಂತು. "ಯಾರು ಒತ್ತಿದ್ರು ಅದನ್ನ?" ಎಂದು ಮಾಮಾ ಕೇಳಿದರು. ಅಕ್ಕ ಕಿತ್ತ ಟೇಪನ್ನು ಉಂಡೆ ಮಾಡಿ ಅವರ ಕೈಗಿಟ್ಟಳು.

ಅದಾದ ಮೇಲೂ ಒಂದು ದಿನ ಬಂದರೆ ಒಂದು ದಿನ ಇಲ್ಲ. ಅಂಗಡಿಯವನನ್ನೇ ಕರೆಸಿದೆವು. ಅವನು ಬಂದವನೇ ನೇರವಾಗಿ ಪ್ಲಗ್ಗಿಗೆ ಕೈ ಹಾಕಿದ. ಮಾಮಾ ಅವನ ಮಣಿಕಟ್ಟು ಹಿಡಿದರು. "ಪೆಹಲೇ ಹಾಥ್ ಊಪರ್." ಅವನು ಗಾಬರಿಯಾಗಿ ಎರಡೂ ಕೈ ಎತ್ತಿ ನನ್ನ ಕಡೆ ನೋಡಿದ. ನಾನೂ ಎತ್ತಿದ್ದೆ. ಆದರೆ ಕಾಯಿಲೆ ಏನೆಂದು ಹೇಳಿ ಹೋದ. ಈ ಮನೆಯಲ್ಲಿ ಹೊತ್ತುಹೊತ್ತಿಗೆ ಮೇನ್ ತೆಗೆಯುತ್ತೀರಿ, ಮತ್ತೆ ಹಾಕುತ್ತೀರಿ. ಕರೆಂಟು ಬಂದ ಕೂಡಲೇ ಚಿಕ್ಕ ಕಂಪ್ಯೂಟರ್ ತಾನೇ ಎದ್ದು, ಮಾನಿಟರ್ ಇದೆಯೇ ಎಂದು ಸುತ್ತ ನೋಡುತ್ತದೆ. ಹಳೆಯ ಮಾನಿಟರ್ ಆಗಿನ್ನೂ ಕಣ್ಣುಜ್ಜುತ್ತಿರುತ್ತದೆ. ಯಾರೂ ಇಲ್ಲವೆಂದುಕೊಂಡು ಕಂಪ್ಯೂಟರ್ ಕತ್ತಲಲ್ಲೇ ತನ್ನ ಪಾಡಿಗೆ ಕೆಲಸ ಶುರು ಮಾಡುತ್ತದೆ. ಆಮೇಲೆ ಮಾನಿಟರ್ ಎದ್ದರೂ ತಿರುಗಿ ನೋಡುವುದಿಲ್ಲ. ಅಂದರೆ ಮಾಮಾ ಎಷ್ಟು ಜಾಗ್ರತೆ ಮಾಡಿದರೋ ಅಷ್ಟು ಸಲ ಪರದೆ ಹೋಗಿತ್ತು. ನನಗೆ ನಗು ಬಂತು, ಅಕ್ಕನ ಮುಖ ನೋಡಿ ನುಂಗಿಕೊಂಡೆ. ಅವಳು ಆ ವಾರವೆಲ್ಲ ಓದಿದ್ದಕ್ಕಿಂತ ಕೈ ಎತ್ತಿದ್ದೇ ಹೆಚ್ಚು.

ಮಾಮಾ ಎರಡು ವ್ಯವಸ್ಥೆ ಮಾಡಿದರು. ಮೊದಲು ಮಾನಿಟರ್, ಅದು ಪೂರ್ತಿ ಎದ್ದ ಮೇಲೆ ಕಂಪ್ಯೂಟರ್. ನಡುವೆ ಕರೆಂಟು ಹೋದರೂ ಕಂಪ್ಯೂಟರ್ ಆರಬಾರದೆಂದು ಅದಕ್ಕೊಂದು ಬ್ಯಾಟರಿ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಒಂದೇ ಪ್ಲಗ್ಗಿಗೆ ಜಾಗವಿತ್ತು, ಹಾಗಾಗಿ ಮಾನಿಟರ್ ಗೋಡೆಯ ಕರೆಂಟಿನ ಮೇಲೇ ಉಳಿಯಿತು. ಇಂಟರ್ನೆಟ್ ಎದುರುಮನೆಯ ಸಾವಂತ ಕಾಕು ಅವರದು. ಬೆಳಗಾವಿ ಕಡೆಯ ಹೆಂಗಸು, ಮನೆಮಾತು ಮರಾಠಿ, ನಮ್ಮ ಜೊತೆ ಕನ್ನಡ. ಪರೀಕ್ಷೆಯ ದಿನ ಮಾಮಾ ಅವರನ್ನು ಹೊರಗೆ ವರಾಂಡದ ಮೇನ್ ಸ್ವಿಚ್ಚಿನ ಬಳಿ ನಿಲ್ಲಿಸಿದರು. "ಕಾಕು, ಒಳಗಿಂದ ಯಾರರೆ ಒದರಿದ್ರು ಅಂದ್ರ ಏನು, ಯಾಕ ಅಂತ ಕೇಳಬ್ಯಾಡ್ರಿ. ಮೊದಲ ಬಂದ್ ಮಾಡ್ರಿ."

"ಆತು. ಕೇಳಂಗಿಲ್ಲ" ಎಂದರು ಕಾಕು, ಸೆರಗು ಸೊಂಟಕ್ಕೆ ಸಿಕ್ಕಿಸಿ.

ಪರದೆ ಬಂತು. ಅಕ್ಕ ಗುರುತಿನ ಚೀಟಿಯನ್ನು ಕ್ಯಾಮೆರಾಕ್ಕೆ ತೋರಿಸಿದಳು. ಕ್ಯಾಮೆರಾವನ್ನು ಸುತ್ತ ತಿರುಗಿಸಿ ಕೋಣೆ ತೋರಿಸಿದಳು, ಅದರಲ್ಲಿ ಹೊಸ್ತಿಲ ಮೇಲೆ ಕೈ ತೋರಿಸುತ್ತ ನಿಂತ ನಾನೂ ಬಂದೆ. ಪರೀಕ್ಷೆ ಹನ್ನೆರಡಕ್ಕೆ ಶುರು, ಅದರೊಳಗೆ ಮನೆಯವರು ಹೊರಹೋಗಬೇಕೆಂದು ಬರೆದಿತ್ತು. ಅಭ್ಯರ್ಥಿ ಕುರ್ಚಿ ಬಿಟ್ಟು ಏಳಕೂಡದು, ಕಂಪ್ಯೂಟರ್ ಬಂದ್ ಆದರೆ ಪರೀಕ್ಷೆ ಮುಗಿದಂತೆ ಎಂದೂ ಬರೆದಿತ್ತು. ಆಮೇಲೆ ಪರದೆಯ ಮೇಲೆ ಅವಳ ಪೂರ್ತಿ ಹೆಸರು, ಪಕ್ಕದಲ್ಲಿ ಹಸಿರು ಗುರುತು. ಆ ವಾರದ ಉಸಿರನ್ನೆಲ್ಲ ಒಟ್ಟಿಗೆ ಬಿಡುವವಳಂತೆ ಅಕ್ಕ ಜೋರಾಗಿ ಅಂದಳು, "ಬಂತ್ರೀ!"

ಫ್ಯಾನ್ ನಿಂತಿತು. ದೀಪ ಹೋಯಿತು. ಮಾನಿಟರ್ ಕಪ್ಪಾಯಿತು.

ಹೊರಗಿನಿಂದ ಕಾಕು ದನಿ, ಕೆಲಸ ಮುಗಿಸಿದವರ ಸಮಾಧಾನದ ದನಿ: "ಬಂದ್ ಮಾಡೇನ್ರಿ. ಎಲ್ಲಾರೂ ಆರಾಮ ಇದ್ದೀರಿಲ್ಲ?"

ಬ್ಯಾಟರಿಯ ಮೇಲೆ ಚಿಕ್ಕ ಕಂಪ್ಯೂಟರಿನ ನೀಲಿ ದೀಪ ಉರಿಯುತ್ತಲೇ ಇತ್ತು. ಕ್ಯಾಮೆರಾದ ದೀಪವೂ ಇತ್ತು. ಅಂದರೆ ಆ ಕಡೆ ಕೂತವರಿಗೆ ಅಕ್ಕ ಕಾಣುತ್ತಿದ್ದಳು. ಅಕ್ಕನಿಗೆ ಏನೂ ಕಾಣುತ್ತಿರಲಿಲ್ಲ. ಮಾಮಾ ಹೇಳಿದ ಮೇಲೆ ಕಾಕು ಮೇನ್ ಹಾಕಿದರು. ಮಾನಿಟರ್ ನಿಧಾನವಾಗಿ ಎದ್ದಿತು. ನೋ ಸಿಗ್ನಲ್. ಪೆಟ್ಟಿಗೆ ಈ ಮೂಲೆಯಿಂದ ಆ ಮೂಲೆಗೆ ತೇಲತೊಡಗಿತು.

ನಾನು ಅಂಗಡಿಯವನಿಗೆ ಫೋನ್ ಮಾಡಿದೆ. ಎತ್ತಿದ, ಅದೇ ಪುಣ್ಯ. ಮಾಮಾಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ. "ಕಂಪ್ಯೂಟರ್ ಬಂದ್ ಮತ್ ಕರೋ. ಮಾನಿಟರ್ ಕಾ ತಾರ್ ಖೀಂಚೋ, ವಾಪಸ್ ಲಗಾವೋ. ಸಬ್ ಚಾಲೂ ರೆಹನೇ ದೋ" ಎಂದು ಹೇಳಿ ಇಟ್ಟ. ಎಲ್ಲ ಚಾಲೂ ಇರುವಾಗಲೇ ಮಾನಿಟರಿನ ತಾರನ್ನು ಕಿತ್ತು ಮತ್ತೆ ಹಾಕಬೇಕು. ಆಗ ಕಂಪ್ಯೂಟರ್ ಇನ್ನೊಮ್ಮೆ ತಿರುಗಿ ನೋಡುತ್ತದೆ.

"ಚಾಲೂ ಇದ್ದಾಗ" ಎಂದರು ಮಾಮಾ. ಪ್ರಶ್ನೆಯಲ್ಲ. ಸುಮ್ಮನೆ ಆ ಎರಡು ಶಬ್ದ.

"ನಾ ಮಾಡ್ತೀನಿ ಬಿಡ್ರಿ ಮಾಮಾ" ಎಂದು ಹೊಸ್ತಿಲು ದಾಟಿದೆ.

"ನಿಂದರು. ನನ್ನ ಮನ್ಯಾಗ ಚಾಲೂ ತಾರಿಗೆ ಬ್ಯಾರೇದವ್ರು ಕೈ ಹಚ್ಚಂಗಿಲ್ಲ."

"ಅದರಾಗ ಏನೂ ಇಲ್ರಿ ಮಾಮಾ. ಬರೇ ಚಿತ್ರದ ತಾರು. ಸಣ್ಣ ಕೂಸು ಹಿಡಿದ್ರೂ ಏನೂ ಆಗೂದಿಲ್ಲ."

"ಗೊತ್ತೈತಿ" ಅಂದರು. "ತಲಿಗೆ ಗೊತ್ತೈತಿ. ಕೈಗೆ ಗೊತ್ತಾಗವಲ್ದು."

ಆಮೇಲೆ ಅವರು ಅಕ್ಕನ ಕಡೆ ತಿರುಗಿ, "ನೀ ಏಳು. ದೂರ ಹೋಗು" ಎಂದರು.

"ಏಳಾಕ ಬರಂಗಿಲ್ಲ. ಎದ್ರ ಮುಗೀತು" ಎಂದಳು ಅಕ್ಕ, ಕಪ್ಪು ಪರದೆಯ ಮೇಲಿನ ಕ್ಯಾಮೆರಾದಿಂದ ಕಣ್ಣು ತೆಗೆಯದೆ. "ಸರೋಜಾ, ಏಳು" ಎಂದರು ಮಾಮಾ. "ಏಳಂಗಿಲ್ರಿ. ನೀವು ಮಾಡ್ರಿ. ನಾ ಇಲ್ಲೇ ಇರ್ತೀನಿ."

ಮಾನಿಟರಿನ ಹಿಂಭಾಗಕ್ಕೂ ಅಕ್ಕನ ಮೊಣಕೈಗೂ ನಡುವೆ ಒಂದು ಗೇಣು ಅಂತರವಿತ್ತು. ಮಾಮಾ ಆ ಗೇಣನ್ನೇ ನೋಡುತ್ತ ನಿಂತರು. ಗೋಡೆಯ ಗಡಿಯಾರ ನನಗೂ ಕಾಣುತ್ತಿತ್ತು, ಅವರಿಗೂ ಕಾಣುತ್ತಿತ್ತು. ನಾನು ಕಂಡಷ್ಟನ್ನೇ ಹೇಳುತ್ತೇನೆ. ಅವರು ವಾಚು ಬಿಚ್ಚಿ ಟೀವಿ ಮೇಲಿಟ್ಟರು. ಉಂಗುರ ಬರಲಿಲ್ಲ, ಎಳೆದು ಎಳೆದು ತೆಗೆದರು. ರಬ್ಬರ್ ಚಪ್ಪಲಿ ಮೆಟ್ಟಿ, ಅಡುಗೆಮನೆಯ ಮಣೆ ತಂದು ನೆಲಕ್ಕಿಟ್ಟು ಅದರ ಮೇಲೆ ನಿಂತರು. ಎಡಗೈಯನ್ನು ಬೆನ್ನ ಹಿಂದೆ ಕಟ್ಟಿದರು. ಕರೆಂಟಿನ ಕೆಲಸದವರು ಹಾಗೆ ಮಾಡುತ್ತಾರೆ. ಒಂದೇ ಕೈಯಿಂದ ಮುಟ್ಟಿದರೆ ಕರೆಂಟು ಎದೆ ಹಾಯ್ದು ಹೋಗುವುದಿಲ್ಲವಂತೆ. ಬಲಗೈ ಚಾಚಿದರು. ಹಿಂದೆ ತೆಗೆದುಕೊಂಡರು. ಮತ್ತೆ ಚಾಚಿದರು.

"ಕೈ ಮ್ಯಾಲ" ಎಂದರು, ಬಹಳ ಮೆತ್ತಗೆ.

ನಾನು ಎತ್ತಿದೆ. ಬಾಗಿಲಲ್ಲಿ ಕಾಕು ಎತ್ತಿದರು. ಅಕ್ಕ ಕುರ್ಚಿಯ ಮೇಲೆ ಕೂತಲ್ಲೇ, ಕ್ಯಾಮೆರಾದ ಎದುರಿಗೇ, ತನ್ನ ಬಾಲವಾಡಿಯ ಮಕ್ಕಳು ಎತ್ತುವ ಹಾಗೆ ಎರಡೂ ಕೈ ನೆಟ್ಟಗೆ ಮೇಲೆತ್ತಿದಳು.

ಮಾಮಾ ಕಣ್ಣು ಮುಚ್ಚಿ ತಾರು ಕಿತ್ತರು. ಅದು ಅವರ ಬೆರಳ ನಡುವೆ ಇತ್ತು, ಏನೂ ಆಗಲಿಲ್ಲ. ಏನೂ ಆಗುವಂಥದ್ದಲ್ಲ ಎಂದು ನನಗೆ ಗೊತ್ತಿತ್ತು, ಆದರೂ ಎತ್ತಿದ ಕೈ ಇಳಿಸಲಿಲ್ಲ. ಕಣ್ಣು ತೆರೆದು, ತೂತು ಹುಡುಕಿ, ತಾರನ್ನು ಮತ್ತೆ ಒಳಗೆ ತಳ್ಳಿದರು. ಪೆಟ್ಟಿಗೆ ತೇಲುವುದು ನಿಂತಿತು. ಪರದೆ ಒಮ್ಮೆ ಮಿಣುಕಿ ಬೆಳಗಿತು. ಅಕ್ಕನ ಹೆಸರು, ಹಸಿರು ಗುರುತು, ಎಲ್ಲ ಅದರ ಅದರ ಜಾಗದಲ್ಲಿದ್ದವು.

ಈ ಸಲ ಯಾರೂ ಒದರಲಿಲ್ಲ. ಮಾಮಾ ಮಣೆಯಿಂದ ಇಳಿಯಲಿಲ್ಲ, ಇಳಿಯಲು ಅವರಿಗೆ ಆಗಲಿಲ್ಲ. ಬನಿಯನ್ ಬೆನ್ನಿಗೆ ಅಂಟಿತ್ತು. ಅಕ್ಕ ಪರದೆ ನೋಡಬೇಕಿತ್ತು. ಅತ್ತ ಇತ್ತ ತಿರುಗಕೂಡದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಆ ವಾರವೆಲ್ಲ ಅದನ್ನೇ ಅಭ್ಯಾಸ ಮಾಡಿದ್ದಳು. ಆದರೂ ತಿರುಗಿದಳು. ಎತ್ತಿದ ಕೈ ಇಳಿಸದೆ, ಪೂರ್ತಿ ಮುಖ ತಿರುಗಿಸಿ ಗಂಡನನ್ನು ನೋಡಿದಳು. ಅವಳು ಅವರನ್ನು ಹಾಗೆ ನೋಡಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿಲ್ಲ. ಪರದೆಯ ಮೇಲೆ ಕೆಂಪು ಸಾಲೊಂದು ಬಂತು: ಮುಖ ಪರದೆಯ ಕಡೆ ಇರಲಿ, ಇದು ಮೊದಲ ಎಚ್ಚರಿಕೆ. ಅವಳು ಇನ್ನೂ ಒಂದು ಕ್ಷಣ ನೋಡಿಯೇ ತಿರುಗಿದಳು.

ಕಾಕು ಮತ್ತು ನಾನು ಮಾಮಾರನ್ನು ಎರಡೂ ಕಡೆ ಹಿಡಿದು ವರಾಂಡಕ್ಕೆ ಕರೆತಂದೆವು. ಎಡಗೈ ಇನ್ನೂ ಬೆನ್ನ ಹಿಂದೆಯೇ ಇತ್ತು. ಕಾಕು ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, "ಆತ್ರಿ, ಆತು" ಅಂದರು. ಅಕ್ಕ ಪಾಸಾದಳು. ಜೂನ್‌ನಲ್ಲಿ ಎಂದಿನಂತೆ ಬಾಲವಾಡಿಗೆ ಹೋದಳು.

ನನ್ನ ಜೊತೆ ಇದನ್ನು ಕಂಡವರ ಹೆಸರು ಹೇಳಿ ಮುಗಿಸುತ್ತೇನೆ. ಸಾವಂತ ಕಾಕು ಇದ್ದಾರೆ. ಕಿವಿ ಈಗ ಮಂದ. ಮೇನ್ ಸ್ವಿಚ್ಚಿನ ಬಳಿ ನಿಲ್ಲಲು ಮಾಮಾ ಅವರನ್ನು ಕರೆಯುವುದಿಲ್ಲ, ಅದಕ್ಕೆ ಅವರಿಗೆ ಸಿಟ್ಟಿದೆ. ಅಕ್ಕ ಸರೋಜಾ ಇದ್ದಾಳೆ. ಇನ್ನೊಬ್ಬರಿದ್ದರು, ಅವರ ಹೆಸರು ನನಗೆ ಗೊತ್ತಿಲ್ಲ. ಯಾವುದೋ ಊರಿನಲ್ಲಿ ಕ್ಯಾಮೆರಾದ ಆ ಕಡೆ ಕೂತು, ಎರಡೂ ಕೈ ಎತ್ತಿದ ಒಬ್ಬ ಹೆಂಗಸು ಪರೀಕ್ಷೆ ಬಿಟ್ಟು ಪಕ್ಕಕ್ಕೆ ತಿರುಗಿ ನೋಡುತ್ತಲೇ ಇದ್ದದ್ದನ್ನು ಕಂಡವರು. ಕಂಡೂ ಒಂದೇ ಒಂದು ಎಚ್ಚರಿಕೆ ಕೊಟ್ಟು ಸುಮ್ಮನಾದವರು. ಅವರೂ ಎಲ್ಲೋ ಇರಬೇಕು. ಚೆನ್ನಾಗಿರಲಿ.